ಹಂದಿಗೂಡಿನ ಬೆಳ್ಳಿ

ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್ ಊರಿನಲ್ಲಿ ಹಸೆಲ್ ಮನೆತನದ ಹೊಲಗದ್ದೆ ಎಂದೋ ಕೈಬಿಟ್ಟು ಹೋಗಿತ್ತು, ಮಾಳಿಗೆ ಸೋರುತ್ತಿತ್ತು. ಉಳಿದದ್ದು ಬೆಳ್ಳಿ ಮತ್ತು ಜಂಬ. ನಲವತ್ತು ಚಮಚ, ಇಪ್ಪತ್ತನಾಲ್ಕು ಫೋರ್ಕು, ಸೂಪು ಬಡಿಸುವ ದೊಡ್ಡ ಸೌಟು. ಅವುಗಳ ವಾರಸುದಾರಳು ಮನೆಯೊಡತಿ ಮಿಸ್ ಕಾರ್ನೀಲಿಯಾ; ಮದುವೆಯಾಗಿ ಮಗನಿದ್ದರೂ ಆ ಕಡೆಯ ರೂಢಿಯಂತೆ ಎಲ್ಲರಿಗೂ ‘ಮಿಸ್’. ನಲವತ್ತೊಂದು ವರ್ಷದಿಂದ ಅವನ್ನು ಉಜ್ಜಿ ಬೆರಳು ಕಪ್ಪು ಮಾಡಿಕೊಂಡವಳು ಅಡುಗೆಯ ಓಲಿಯಾಥ.

ಪ್ರತಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಪ್ರಾರ್ಥನೆ ಮುಗಿದದ್ದೇ ತಡ, ಬೆಳ್ಳಿ ಪುರಾಣ ಶುರು. ೧೮೬೫ರಲ್ಲಿ, ಅಮೆರಿಕದ ಅಂತರ್ಯುದ್ಧದ ಕೊನೆಗೆ, ಉತ್ತರದ ಸೈನ್ಯ ಊರಿಗೆ ನುಗ್ಗಿದಾಗ ಕಾರ್ನೀಲಿಯಾಳ ಅಜ್ಜಿ ಒಬ್ಬಳೇ ಗುಲಾಬಿ ಗಿಡದ ಬುಡ ಅಗೆದು ಎಲ್ಲವನ್ನೂ ಹೂತಿಟ್ಟಳಂತೆ. ಬೂಟಿನ ದಾರ ಕಟ್ಟಲಿಕ್ಕೂ ಆಳು ಕರೆಯುತ್ತಿದ್ದ ಮಹಾತಾಯಿ! ಕಾಗೆ ಹಾರಿಸುವುದಕ್ಕೂ ಒಂದು ಮಿತಿ ಬೇಡವೇ?

ಹೂತವಳು ಓಲಿಯಾಥಳ ಅಜ್ಜಿ ವೀನಿ, ಆಗ ಆ ಮನೆಯ ಗುಲಾಮಳು. ತಾನು ಕಣ್ಮುಚ್ಚುವ ಮುಂಚೆ ಆ ಮೇಜಿನಲ್ಲಿ ಒಮ್ಮೆಯಾದರೂ ಅಜ್ಜಿಯ ಹೆಸರು ಬರಬೇಕು ಅನ್ನುವುದೊಂದೇ ಓಲಿಯಾಥಳ ಆಸೆ.

೧೯೩೮ರ ಊಟಕ್ಕೆ ಮನೆಗೆ ಹೊಸದಾಗಿ ಬಂದ ಸೊಸೆ ಮಾರ್ಗರಿ ಕೂತಿದ್ದಳು. “ಅತ್ತೇ, ನಿಮ್ಮಜ್ಜಿಗೆ ಗುದ್ದಲಿ ಹಿಡಿಯೋಕೆ ಬರ್ತಿತ್ತಾ?” ಅಂದುಬಿಟ್ಟಳು.

ಮಿಸ್ ಕಾರ್ನೀಲಿಯಾ ನೀರು ಕುಡಿದಳು. ಸೂಪು ಬಡಿಸಲು ನಿಂತಿದ್ದ ಓಲಿಯಾಥಳಿಗೆ ಇನ್ನು ತಡೆಯಲಾಗಲಿಲ್ಲ.

“ಗುಲಾಬಿನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ ಅಮ್ಮಾವ್ರೇ. ಹಂದಿಗೂಡು. ಸಿಪಾಯಿಗಳು ಹಂದಿ ಹೊತ್ಕೊಂಡು ಹೋದ್ರು, ಹೇಸಿಗೆ ಯಾರು ಕೆದಕ್ತಾರೆ? ಹೂತಿದ್ದು ನಮ್ಮಜ್ಜಿ.”

“ನಮ್ಮಜ್ಜಿ ಹೇಳಿದ್ದಕ್ಕೆ ತಾನೇ ಹೂತಿದ್ದು?” ಅಂದಳು ಮಿಸ್ ಕಾರ್ನೀಲಿಯಾ.

“ನಿಮ್ಮಜ್ಜಿ ವಾರ ಮುಂಚೆನೇ ಗಂಟುಮೂಟೆ ಕಟ್ಟಿದ್ರು. ವಾಪಸ್ ಬಂದು ಬೆಳ್ಳಿ ಹೋಯ್ತು ಅಂತ ಬಾಯಿ ಬಡ್ಕೊಂಡಾಗ ಅಗೆದು ತಂದ್ಕೊಟ್ಟಿದ್ದು ನಮ್ಮಜ್ಜಿನೇ. ಅಷ್ಟೊತ್ತಿಗೆ ಗುಲಾಮಗಿರಿ ಹೋಗಿತ್ತು. ಅವತ್ತು ಅವಳು ಯಾರ ಆಳೂ ಅಲ್ಲ. ಸುಮ್ನಿದ್ದಿದ್ರೆ ಈ ಸೌಟು ನಮ್ಮನೇಲಿರ್ತಿತ್ತು.”

ಹನ್ನೊಂದು ಜನ ತಟ್ಟೆ ನೋಡತೊಡಗಿದರು. ಎಲ್ಲರಿಗೂ ಒಟ್ಟಿಗೆ ಕಿವುಡು ಬಂದಿತ್ತು, ಪಾಪ.

“ಸೂಪು ಆರ್ತಿದೆ, ಬಡಿಸು,” ಅಂದಳು ಮಿಸ್ ಕಾರ್ನೀಲಿಯಾ.

“ಅವಳ ಹೆಸರು ವೀನಿ. ಒಂದ್ಸಲ ಹೇಳಿ, ಬಡಿಸ್ತೀನಿ.”

ಮಿಸ್ ಕಾರ್ನೀಲಿಯಾ ಖಾಲಿ ಬಟ್ಟಲನ್ನು ಮುಂದಕ್ಕೆ ತಳ್ಳಿದಳು. ಓಲಿಯಾಥ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು, ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಅವಳಂಥವರು ತುಳಿಯಬಾರದ ಮುಂಬಾಗಿಲಿನಿಂದಲೇ ಹೊರಟಳು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಮಿಸ್ ಕಾರ್ನೀಲಿಯಾಳ ಕೂಗು ಕೇಳಿಸಿತು. “ವೀನಿ! ಆಯ್ತಾ? ವೀನಿ, ವೀನಿ! ಬಂದು ಬಡಿಸು ಈಗ!”

ಎಪ್ಪತ್ಮೂರು ವರ್ಷದ ಮೇಲೆ ಆ ಮನೆಯವರ ಬಾಯಲ್ಲಿ ಹೆಸರು ಬಂದಿತ್ತು, ಅದೂ ಸೂಪಿಗಾಗಿ. ಓಲಿಯಾಥ ಗೇಟು ಹಾಕಿಕೊಂಡು ಹೋದಳು.