ಹಾಸಿಗೆ ಮಡಚದ ಗುರುವಾರ

ಶುಕ್ರವಾರ, ಬೆಳಗಿನ ಐದು ಗಂಟೆ. ಲಂಡನ್ನಿನ ಟೂಟಿಂಗ್‌ನ ರಸ್ತೆಯಲ್ಲಿ ಖಾಲಿ ಬಸ್ಸುಗಳು ಮಾತ್ರ ಓಡಾಡುತ್ತಿವೆ. ರೆಸ್ಟೋರೆಂಟೊಂದರ ನೆಲಮಾಳಿಗೆಯಲ್ಲಿ ಗ್ರೈಂಡರ್ ಆಗಲೇ ಗುರುಗುಡುತ್ತಿದೆ. ಗುಲಾಬಿ ಪೂಜಾರಿ ಸ್ವೆಟರಿನ ತೋಳು ಮೇಲೇರಿಸಿ, ಬಾಯ್ಲರಿನ ಪಕ್ಕದಲ್ಲಿ ರಾತ್ರಿಯಿಡೀ ಹುಳಿ ಬಂದ ಹಿಟ್ಟಿಗೆ ಉಪ್ಪು ಹಾಕಿ ಕೈಯಲ್ಲೇ ಕಲಸುತ್ತಿದ್ದಾರೆ.

"ಸೌಟಲ್ಲಿ ಕಲಸಿದ್ರೆ ಆಗುದಿಲ್ಲ ಮಾರಾಯ್ರೆ, ಕೈಯ ಬಿಸಿ ತಾಗ್ಬೇಕು. ಇಲ್ಲಿಯ ಚಳಿಗೆ ಹಿಟ್ಟಿಗೂ ಸಿಟ್ಟು ಬರ್ತದೆ," ಎನ್ನುತ್ತಾರೆ.

ದಿನಕ್ಕೆ ಮೂವತ್ತು ಕಿಲೋ ಅಕ್ಕಿ, ಎಂಟು ಕಿಲೋ ಉದ್ದು. ಮಧ್ಯಾಹ್ನ ಮೇಲಿನ ರೆಸ್ಟೋರೆಂಟಿನಲ್ಲಿ ಕೂತು ದೋಸೆ ಮುರಿಯುವವರು ಕಾವಲಿಯ ಮುಂದೆ ನಿಂತ ಉಮಾನಾಥರನ್ನು ಹೊಗಳುತ್ತಾರೆ. ಹಿಟ್ಟು ಅವರ ಹೆಂಡತಿ ಗುಲಾಬಿಯದು ಎಂದು ಯಾರಿಗೂ ಗೊತ್ತಿಲ್ಲ. ನಾನೂ ಆರು ವರ್ಷ ಆ ದೋಸೆ ತಿಂದಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ.

ಐದೂವರೆಗೆ ಫೋನಿನ ಅಲಾರಂ ಬಡಿದುಕೊಳ್ಳುತ್ತದೆ. ಗುಲಾಬಿ ಕೈ ತೊಳೆದು, ಏಪ್ರನ್ನಿಗೆ ಒರೆಸಿ, ಕೌನ್ಸಿಲ್ಲಿನ, ಅಂದರೆ ಇಲ್ಲಿನ ನಗರಾಡಳಿತದ, ವೆಬ್‌ಸೈಟ್ ತೆರೆಯುತ್ತಾರೆ. ಕಡಿಮೆ ಆದಾಯದ ಕುಟುಂಬಗಳಿಗೆ ಕೈಗೆಟಕುವ ಬಾಡಿಗೆಯಲ್ಲಿ ಕೊಡುವ ಮನೆಗಳ ಪಟ್ಟಿ ವಾರಕ್ಕೊಮ್ಮೆ ಬರುತ್ತದೆ. ನಮಗೆ ಈ ಮನೆ ಬೇಕು ಎಂದು ಒತ್ತಬೇಕು, ಸಾಲಿನಲ್ಲಿ ಎಷ್ಟನೆಯವರು ಎಂದು ಅದು ತಿಳಿಸುತ್ತದೆ. ಈ ವಾರ ಮೂರು ಬೆಡ್‌ರೂಮಿನ ಮನೆ ಒಂದೇ ಒಂದು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಒತ್ತುತ್ತಾರೆ. ನೂರಾ ಎಂಬತ್ತಮೂರು.

"ಹೋದ ವಾರ ಇನ್ನೂರರ ಮೇಲಿತ್ತು," ಎಂದು ನಗುತ್ತಾರೆ. ಆದರೂ ಫೋನನ್ನು ಕೂಡಲೇ ಕೆಳಗಿಡುವುದಿಲ್ಲ. ಆ ಮನೆಯ ಅಡುಗೆಕೋಣೆಯ ಚಿತ್ರವನ್ನು ದೊಡ್ಡದು ಮಾಡಿ, ಕಿಟಕಿಯ ಹತ್ತಿರ ಒಂದು ಮೇಜು ಹಿಡಿಸುತ್ತದೆಯೇ ಎಂದು ನೋಡುತ್ತಾರೆ. ಸಿಗುವುದಿಲ್ಲ ಎಂದು ಗೊತ್ತಿರುವ ಮನೆಯಲ್ಲಿ ಮೇಜಿಗೆ ಜಾಗ ಹುಡುಕುತ್ತಾರೆ.

ಉಡುಪಿ ಹತ್ತಿರದ ಕಟಪಾಡಿಯಿಂದ ಇಲ್ಲಿಗೆ ಬಂದು ಹನ್ನೊಂದು ವರ್ಷ. ಕಾಯಂ ವಾಸದ ಹಕ್ಕು ಸಿಕ್ಕಿ ನಾಲ್ಕು ವರ್ಷ, ಅದಾದ ಮೇಲೆಯೇ ಅರ್ಜಿ ಹಾಕಲು ಬಂದದ್ದು. ಈಗಿರುವುದು ಅಂಗಡಿಯ ಮೇಲಿನ ಒಂದು ಬೆಡ್‌ರೂಮಿನ ಫ್ಲ್ಯಾಟ್. ಒಳಕೋಣೆ ಹದಿನೈದರ ಮಗಳು ಸೃಷ್ಟಿಗೆ. ಗಂಡ, ಹೆಂಡತಿ, ಹನ್ನೆರಡರ ಮಗ ಹೊರಕೋಣೆಯ ನೆಲದಲ್ಲಿ. ಮೂರೂ ಹಾಸಿಗೆ ಹಾಸಿದರೆ ಬಚ್ಚಲಿಗೆ ಹೋಗುವವರು ಯಾರನ್ನಾದರೂ ದಾಟಿಯೇ ಹೋಗಬೇಕು.

ಇಂಥ ಲೇಖನ ಬರೆಯುವ ನಮ್ಮಂಥವರಿಗೆ ಎದುರಿಗೆ ಕೂತವರ ಕಷ್ಟ ಕೆದಕುವ ಚಟ. ಗುಲಾಬಿಯಕ್ಕ ಕಷ್ಟ ಬಚ್ಚಿಡುವುದರಲ್ಲಿ ಎತ್ತಿದ ಕೈ. ಅವರು ಎಡವಿದ್ದೂ ಅದರಲ್ಲೇ.

ಎರಡು ವರ್ಷದ ಹಿಂದೆ, ಮನೆ ಎಷ್ಟು ಇಕ್ಕಟ್ಟಾಗಿದೆ ಎಂದು ನೋಡಲು ಕೌನ್ಸಿಲ್ಲಿನ ಅಧಿಕಾರಿ ಬರುತ್ತಾರೆಂದು ಪತ್ರ ಬಂತು. ಗುಲಾಬಿ ಹಿಂದಿನ ದಿನವೇ ಟೊಂಕ ಕಟ್ಟಿ ನಿಂತರು. ಗೋಡೆಯ ಬೂಸು ಉಜ್ಜಿ ತೆಗೆದರು. ಪೆಟ್ಟಿಗೆ, ಹಾಸಿಗೆ, ಅಕ್ಕಿಯ ಚೀಲ ಎಲ್ಲವನ್ನೂ ರೆಸ್ಟೋರೆಂಟಿನ ವ್ಯಾನಿಗೆ ಸಾಗಿಸಿದರು. ಮಕ್ಕಳನ್ನು ಪಾರ್ಕಿಗೆ ಅಟ್ಟಿದರು. ಅಧಿಕಾರಿ ಬಂದಾಗ ಅಗರಬತ್ತಿಯ ಪರಿಮಳ, ಗೋಳಿಬಜೆ, ಚಹಾ.

"ಹೇಗಿದ್ದೀರಿ, ಏನಾದ್ರೂ ತೊಂದರೆ ಉಂಟಾ ಅಂತ ಕೇಳಿದ್ರು. ಬಂದವರ ಹತ್ರ ನಮ್ಮ ಗೋಳು ಹೇಳುದಾ? ನೋ ಪ್ರಾಬ್ಲಮ್, ವೆರಿ ಹ್ಯಾಪಿ ಅಂದೆ. ಎರಡು ಸಲ ಅಂದೆ ಮಾರಾಯ್ರೆ!"

ಅಧಿಕಾರಿ ಕಂಡದ್ದನ್ನೇ, ಕೇಳಿದ್ದನ್ನೇ ಬರೆದುಕೊಂಡು ಹೋದರು. ಚೊಕ್ಕಟವಾದ ಮನೆ, ಸಂತುಷ್ಟ ಕುಟುಂಬ. ಗುಲಾಬಿಯ ಅರ್ಜಿ ತುರ್ತಿಲ್ಲದವರ ಸಾಲಿಗೆ ಬಿತ್ತು.

ಬೇರೆ ಯಾರಾದರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಲೈಬ್ರರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ನಿಯಮಗಳನ್ನೆಲ್ಲ ಓದಿದರು. ಅರ್ಥವಾಗದ್ದನ್ನು ಸೃಷ್ಟಿಯಿಂದ ಹೇಳಿಸಿಕೊಂಡರು. ಈಗ ಪ್ರತಿ ಮಂಗಳವಾರ ಮಧ್ಯಾಹ್ನ, ಕೆಲಸ ಮುಗಿದ ಮೇಲೆ ಅದೇ ಕಂಪ್ಯೂಟರಿನ ಮುಂದೆ ಬೇರೆಯವರ ಅರ್ಜಿ ತುಂಬಿಸುತ್ತಾರೆ. ಸಂಬಳದ ಚೀಟಿ, ಮಕ್ಕಳ ಶಾಲೆಯ ಪತ್ರ, ಮನೆ ಬೂಸು ಹಿಡಿದು ಮಗುವಿಗೆ ಕೆಮ್ಮು ಬಂದಿದ್ದರೆ ಜಿಪಿ ಡಾಕ್ಟರು ಕೊಟ್ಟ ಪತ್ರ, ಯಾವುದನ್ನು ಎಲ್ಲಿ ಸೇರಿಸಬೇಕು ಎನ್ನುವುದು ಅವರಿಗೆ ಬಾಯಿಪಾಠ. ಕೊನೆಗೆ ಎಲ್ಲರಿಗೂ ಒಂದೇ ಮಾತು: "ಆಫೀಸರು ಬರುವ ದಿನ ಗುಡಿಸ್ಬೇಡಿ!"

ಹೀಗೆ ಏಳು ಕುಟುಂಬಗಳಿಗೆ ಮನೆ ಸಿಕ್ಕಿದೆ. ಫೆಲ್ಥಮ್‌ನಲ್ಲಿ ಮನೆ ಸಿಕ್ಕ ಕಾಮಾಕ್ಷಿ ವಿಮಾನ ನಿಲ್ದಾಣದಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಾರೆ. ಫೋನಿನಲ್ಲಿ ಅವರು ನನಗೆ ಹೇಳಿದ್ದು ಇಷ್ಟು: "ಹಾಲುಕ್ಕಿಸೋಕೆ ಗುಲಾಬಿಯಕ್ಕನನ್ನೇ ಕರೆದಿದ್ದೆ ಸಾರ್. ಹಾಲು ಉಕ್ಕೋವಾಗ ಅವರು ಆ ಕಡೆ ತಿರುಗಿಬಿಟ್ರು. ಯಾಕೆ ಅಂತ ನಾನು ಕೇಳಲಿಲ್ಲ."

ನಾನು ಕೇಳುತ್ತೇನೆ. ಗುಲಾಬಿ ಗ್ರೈಂಡರ್ ನಿಲ್ಲಿಸುತ್ತಾರೆ. "ಹೊಟ್ಟೆಕಿಚ್ಚಲ್ಲ. ಏಳು ಮನೆಯಲ್ಲಿ ಹಾಲುಕ್ಕಿಸಿದ್ದೇನೆ. ಎಂಟನೇದು ನನ್ನದಾಗ್ಲಿ ಅಂತ ಆಸೆ ಆಗ್ತದೆ. ಆಸೆ ಮುಖದಲ್ಲಿ ಕಾಣ್ತದಲ್ಲ, ಅದಕ್ಕೆ ತಿರುಗಿದ್ದು."

ಗುಲಾಬಿ ತಮಗಾಗಿ ಮರುಪರಿಶೀಲನೆಗೆ ಹಾಕಿದ ಅರ್ಜಿಗೆ ಉತ್ತರವಾಗಿ ಅಧಿಕಾರಿ ಮತ್ತೆ ಬಂದದ್ದು ನಿನ್ನೆ, ಗುರುವಾರ, ಸಂಜೆ ನಾಲ್ಕಕ್ಕೆ. ಮೂರೂವರೆಗೆ ಗುಲಾಬಿಯ ಕೈ ತಾನಾಗಿ ಹಾಸಿಗೆ ಮಡಚತೊಡಗಿತ್ತಂತೆ. ಸೃಷ್ಟಿ ಬಂದು ಅಮ್ಮನ ಕೈ ಹಿಡಿದುಕೊಂಡಳು. "ಅಮ್ಮ, ಪ್ಲೀಸ್. ಜಸ್ಟ್ ಲೀವ್ ಇಟ್." ಇಬ್ಬರೂ ಸೇರಿ ಮಡಚಿದ್ದನ್ನು ಮತ್ತೆ ಹಾಸಿದರು.

ಅಧಿಕಾರಿ ಹಾಸಿಗೆ ದಾಟಿಕೊಂಡು ಒಳಗೆ ಬಂದರು. ಗೋಡೆಯ ಬೂಸು ನೋಡಿದರು. ಮತ್ತದೇ ಪ್ರಶ್ನೆ ಕೇಳಿದರು. ವಾರದಿಂದ ಮಗಳು ಹೇಳಿಕೊಟ್ಟಿದ್ದ ಉತ್ತರವನ್ನು ಗುಲಾಬಿ ತಲೆ ತಗ್ಗಿಸಿ ಹೇಳಿದರು: ಇಟ್ ಈಸ್ ವೆರಿ ಡಿಫಿಕಲ್ಟ್.

"ಹನ್ನೊಂದು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾಚಿಕೆಯಾಯ್ತು. ಆಮೇಲೆ ಎದೆ ಸ್ವಲ್ಪ ಹಗುರ ಆಯ್ತು," ಎನ್ನುತ್ತಾರೆ. ಮತ್ತೆ ಹಿಟ್ಟಿಗೆ ಕೈ ಹಾಕಿ, "ಚಹಾ ಮಾತ್ರ ಕೊಟ್ಟೆ. ಅದು ಬಿಡ್ಲಿಕ್ಕೆ ಆಗ್ಲಿಲ್ಲ."

ಉತ್ತರ ಬರಲು ಆರು ವಾರ ಬೇಕು. ತುರ್ತಿನವರ ಸಾಲಿಗೆ ಏರಿದರೆ ನೂರಾ ಎಂಬತ್ತಮೂರು ಹತ್ತೋ ಹದಿನೈದೋ ಆಗಬಹುದು. ಆಗದೆಯೂ ಇರಬಹುದು.

ಏಳು ಗಂಟೆ. ಮೇಲೆ ಉಮಾನಾಥರು ಕಾವಲಿಗೆ ನೀರು ಚಿಮುಕಿಸಿದ ಸದ್ದು ಕೇಳುತ್ತದೆ. ನಾನು ಹೊರಡುತ್ತೇನೆ. ಊರಿನವರು ಯಾರನ್ನೇ ಬೀಳ್ಕೊಡುವಾಗಲೂ 'ಮನೆಗೆ ಬನ್ನಿ' ಎನ್ನುತ್ತಾರೆ. ಗುಲಾಬಿ ಲಂಡನ್ನಿಗೆ ಬಂದ ಮೇಲೆ ಆ ಮಾತು ಬಿಟ್ಟಿದ್ದಾರೆ, ಬಂದೇಬಿಟ್ಟರೆ ಎಲ್ಲಿ ಕೂರಿಸುವುದು ಎಂಬ ಭಯಕ್ಕೆ. ಮನೆ ಸಿಕ್ಕರೆ ಮೊದಲು ಏನು ಮಾಡುತ್ತೀರಿ ಎಂದು ಮೆಟ್ಟಿಲ ಮೇಲೆ ನಿಂತು ಕೇಳುತ್ತೇನೆ.

ಹಿಟ್ಟಿನ ಕೈಯನ್ನು ಹಿಂದಕ್ಕೆ ಹಿಡಿದು ಯೋಚಿಸುತ್ತಾರೆ.

"ಹೇಳದೆ ಕೇಳದೆ ಯಾರಾದ್ರೂ ಬಂದು ಬಾಗಿಲು ಬಡೀಬೇಕು. ನಾನು ಎಂತದೂ ಎತ್ತಿಡದೆ ಹೋಗಿ ಬಾಗಿಲು ತೆಗೀಬೇಕು. ಅಷ್ಟೇ."