ತಡವಾಗಿ ತೋರುವ ಗೋಡೆ

ಚಿತ್ರವೆಂದರೆ ಚೌಕಟ್ಟಿನೊಳಗೆ ಅಲುಗಾಡದೆ ಕೂರಬೇಕಾದ ವಸ್ತು ಎಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ, ಚಲಿಸುವ ಚಿತ್ರಕ್ಕೂ ಗ್ಯಾಲರಿಯಲ್ಲಿ ಒಂದು ಕೋಣೆ, ಒಂದು ಬೀಗ, ಒಬ್ಬ ಕಾವಲುಗಾರ ಬೇಕೆಂದು ಪಟ್ಟು ಹಿಡಿದು ಗೆದ್ದವರು ನಮ್ಮ ಮುಖ್ಯ ಕ್ಯುರೇಟರ್. ಕಚೇರಿಯ ಪತ್ರಗಳಲ್ಲಿ ಅವರು ಮೇಡಂ; ನಮ್ಮೆಲ್ಲರ ಬಾಯಲ್ಲಿ ದೊಡ್ಡಕ್ಕ. ವಿಡಿಯೊ ಕಲೆಯ ಸಂರಕ್ಷಣೆಯಲ್ಲಿ ಅವರಷ್ಟು ಪಳಗಿದವರು ವಿರಳವೆಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ವಿರೋಧಿಗಳನ್ನು ಸಂಪಾದಿಸುವುದರಲ್ಲಿಯೂ ಅವರು ಹಿಂದೆ ಬಿದ್ದವರಲ್ಲ.

ನಾನು ಸಹಾಯಕನಾಗಿ ಸೇರಿದ ದಿನವೇ ಅವರು ಹೇಳಿಕೊಟ್ಟ ಪಾಠವೆಂದರೆ, ಪರದೆಯ ಮೇಲೆ ಮನುಷ್ಯರಿರುವಾಗ ಯಂತ್ರ ಆರಿಸಬಾರದು, ಅವರು ಚೌಕಟ್ಟು ದಾಟಿ ಹೋಗುವವರೆಗೆ ಕಾಯಬೇಕು. "ನಿಂತಿರೋರ ಮುಖಕ್ಕೆ ಬಾಗಿಲು ಹಾಕ್ತೀವೇನಪ್ಪ?" ಎಂದಿದ್ದರು. ಕಲಾವಿದನ ಕೃತಿಯಲ್ಲಿ ನಮ್ಮ ಕೈಯಾಡಿಸಬಾರದೆಂಬುದು ಅವರ ಇನ್ನೊಂದು ಹಟ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಳಿಯನ್ನೂ ಹೊತ್ತವರು ಅವರೇ. ಕೇಳಿದವರಿಗೆಲ್ಲ ನಾನು ಸ್ಟೋರ್ ರೂಮಿನಲ್ಲಿದ್ದೇನೆಂದು ಹೇಳಿ, ಸುಳ್ಳಿನ ಅಭ್ಯಾಸವಿಲ್ಲದೆ, ಆ ಕೋಣೆಯ ಬೀಗದ ಕೈಯನ್ನೂ ಕೇಳಿದವರ ಕೈಗೇ ಕೊಟ್ಟುಬಿಡುತ್ತಿದ್ದರಂತೆ.

ಅವರ ಸೇವಾವಧಿಯ ಹಿರಿಯ ಸಾಧನೆಯೆಂದು ಎಲ್ಲರೂ ಹೊಗಳುವುದು ಮೇಲ್ಮಹಡಿಯ ಕೊನೆಯ ಕೋಣೆಯ ವಿಡಿಯೊ ಕೃತಿಯನ್ನು. ಮೂಲೆಯ ಕ್ಯಾಮೆರಾ ಆ ಕೋಣೆಯನ್ನೇ ಚಿತ್ರಿಸುತ್ತದೆ. ಎದುರಿನ ಗೋಡೆ ಅದನ್ನು ಅರ್ಧ ಗಂಟೆ ತಡವಾಗಿ ತೋರಿಸುತ್ತದೆ. ಒಳಗೆ ಬಂದವರಿಗೆ ಕಾಣುವುದು ತಮಗಿಂತ ಮುಂಚೆ ಬಂದುಹೋದವರು. ತಮ್ಮನ್ನೇ ನೋಡಬೇಕೆಂದರೆ ಕಾದು ನಿಲ್ಲಬೇಕು, ಅಷ್ಟು ತಾಳ್ಮೆ ಇದ್ದವರು ಕಡಿಮೆ.

ಉದ್ಘಾಟನೆಯ ದಿನ ಅಕ್ಕನ ಯಜಮಾನರು ಬಂದಿದ್ದರು. ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿದ್ದ ಅವರು ಯಾವ ಪ್ರದರ್ಶನಕ್ಕೆ ಬಂದರೂ ಕೈ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. "ಒಳಗೆ ಹೋದ್ರೆ ಹೇಗಿದೆ ಅಂತ ಕೇಳ್ತಾಳೆ. ಹೇಳಿದ್ರೆ ರಾತ್ರಿ ಊಟ ಕಷ್ಟ" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದರು. ಆ ವರ್ಷವೇ ಹೃದಯಾಘಾತದಿಂದ ತೀರಿಕೊಂಡರು.

ಅಕ್ಕ ಕೆಲಸಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ, ಜನ ಬರುವ ಮುನ್ನ, ನಾವಿಬ್ಬರೂ ಆ ಕೋಣೆಯಲ್ಲಿ ಯಂತ್ರ ಪರೀಕ್ಷಿಸುತ್ತಿದ್ದೆವು. ಗೋಡೆಯಲ್ಲಿ ಖಾಲಿ ಕೋಣೆ ಕಾಣಬೇಕಿತ್ತು. ಬಾಗಿಲಲ್ಲಿ ಮೇಷ್ಟರು ನಿಂತಿದ್ದರು. ನಾನು ತಿರುಗಿ ನಿಜವಾದ ಬಾಗಿಲನ್ನು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಯಂತ್ರದಲ್ಲಿ ಹಳೆಯ ತುಣುಕೊಂದು ಸಿಕ್ಕಿಕೊಂಡಿದೆ ಎಂದರು ತಂತ್ರಜ್ಞರು. ಉದ್ಘಾಟನೆಯ ಅಷ್ಟು ದೊಡ್ಡ ಗುಂಪಿನಲ್ಲಿ ಅವರೊಬ್ಬರೇ ಏಕೆ ಸಿಕ್ಕಿಕೊಂಡರೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆಮೇಲೆ ದಿನವೂ ಅಕ್ಕ ಬೇಗ ಬಂದು ಗೋಡೆಯ ಮುಂದೆ ನಿಲ್ಲುತ್ತಿದ್ದರು. ಸುಮ್ಮನಿದ್ದಿದ್ದರೆ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ; ಆದರೆ ಆ ಕೃತಿ ರಚಿಸಿದ ಕಲಾವಿದರಿಗೆ ಫೋನ್ ಮಾಡಿ ವಿಷಯ ತಿಳಿಸಿದವರೂ ಅವರೇ. ಅದು ದೋಷ, ಪೂರ್ತಿ ಅಳಿಸಿಬಿಡಿ ಎಂದು ಉತ್ತರ ಬಂತು.

"ಒಂದು ಪ್ರತಿಯಾದ್ರೂ ತೆಗೆದಿಟ್ಕೊಳ್ಳಿ ಅಕ್ಕಾ" ಎಂದು ಬೇಡಿಕೊಂಡೆ.

"ಇನ್ನೊಬ್ಬರ ಕೃತಿಯಲ್ಲಿ ನನ್ನ ಗಂಡನ್ನ ಬಚ್ಚಿಡೋಕೆ ಆಗುತ್ತೇನೋ?"

ಅಳಿಸಲು ಕುಳಿತ ಅಕ್ಕ ತಮ್ಮ ನಿಯಮದಂತೆ ಮೇಷ್ಟರು ಹೊರಹೋಗಲೆಂದು ಕಾದರು. ಮಧ್ಯಾಹ್ನವಾದರೂ ಅವರು ಕದಲಲಿಲ್ಲ. ಕೊನೆಗೆ ಅಕ್ಕ, ಮನೆಯಲ್ಲಿ ಮಾತಾಡುವಂತೆ, "ಊಟದ ಹೊತ್ತಾಯ್ತು. ನೀವು ನಡೀರಿ, ನಾನು ಆಮೇಲೆ ಬರ್ತೀನಿ" ಎಂದರು. ಗೋಡೆಯಲ್ಲಿ ಮೇಷ್ಟರು ತಿರುಗಿ ಹೊರನಡೆದರು. ಅರ್ಧ ಗಂಟೆ ಹಿಂದಿನದನ್ನಷ್ಟೇ ತೋರಿಸಬಲ್ಲ ಗೋಡೆ ಆ ಕ್ಷಣದ ಮಾತನ್ನು ಕೇಳಿಸಿಕೊಂಡಿತ್ತು. ಅಕ್ಕ ಗುಂಡಿ ಒತ್ತಿದರು, ಕಣ್ಣೊರೆಸಿಕೊಂಡರು, ನನ್ನನ್ನು ಊಟಕ್ಕೆ ಕಳಿಸಿದರು.

ಅನಂತರ ಎಷ್ಟೋ ವರ್ಷ ಗೋಡೆ ತನ್ನ ಕೆಲಸವನ್ನಷ್ಟೇ ಮಾಡಿತು. ಕಳೆದ ತಿಂಗಳು ಅಕ್ಕ ನಿವೃತ್ತರಾದರು. ಅದಾದ ಮರುವಾರ ಬೆಳಿಗ್ಗೆ ಕೋಣೆ ತೆರೆದಾಗ ಗೋಡೆಯ ನಟ್ಟನಡುವೆ ಅಕ್ಕ ನಿಂತಿದ್ದರು. ಪಕ್ಕದಲ್ಲಿ, ಮೊದಲ ಬಾರಿಗೆ ಬಾಗಿಲು ದಾಟಿ ಒಳಗೆ ಬಂದು, ಮೇಷ್ಟರು. ಅಕ್ಕ ಆ ದಿನ ಗ್ಯಾಲರಿಗೆ ಕಾಲಿಟ್ಟಿರಲಿಲ್ಲ. ಕೆಳಗಿಳಿದು ಅವರ ಮನೆಗೆ ಫೋನ್ ಮಾಡಿದೆ.

"ಇದ್ದೀನಪ್ಪ, ಗಿಡಕ್ಕೆ ನೀರು ಹಾಕ್ತಿದ್ದೆ" ಎಂದರು. ಕಂಡದ್ದನ್ನು ತೊದಲುತ್ತ ಹೇಳಿದೆ.

"ಒಳಗೆ ಬಂದಿದ್ದಾರಾ? ಎಷ್ಟು ಹತ್ತಿರ?"

"ಕೈ ಚಾಚಿದ್ರೆ ಸಿಗೋ ಅಷ್ಟು."

"ಕೈ ಹಿಂದೆ ಕಟ್ಕೊಂಡೇ ಇದ್ದಾರಾ?"

"ಹೌದು ಅಕ್ಕಾ."

"ಹಾಗಾದ್ರೆ ಅವರಿಗಿನ್ನೂ ಅವಸರ ಏನಿಲ್ಲ. ನೀನು ಕೆಲಸ ನೋಡು."

ಈಗ ಆ ಕೋಣೆಯನ್ನು ಸಾರ್ವಜನಿಕರಿಗೆ ಮುಚ್ಚಿದ್ದೇನೆ. ಅಳಿಸೋಣವೆಂದರೆ ಗೋಡೆಯಲ್ಲಿ ಅಕ್ಕನೂ ಇದ್ದಾರೆ, ನನ್ನ ಕೈ ಏಳುವುದಿಲ್ಲ. ಚಲಿಸುವ ಚಿತ್ರಗಳ ಸಂರಕ್ಷಣೆಯ ಬಗ್ಗೆ ಅವರು ಬರೆಯುತ್ತಿರುವ ಗ್ರಂಥ ಅರ್ಧಕ್ಕೆ ಬಂದಿದೆ. ಅದನ್ನು ಮುಗಿಸಿ ಇನ್ನೊಂದನ್ನು ಅವರು ಆರಂಭಿಸಬೇಕು, ನಮ್ಮನ್ನು ಇನ್ನೂ ಬಹುಕಾಲ ಗದರಬೇಕು. ಶತಾಯುಷಿಗಳಾಗಲಿ ಎಂಬ ಮಾತನ್ನು ಇಂಥ ಅಭಿನಂದನಾ ಸಂಪುಟಗಳಲ್ಲಿ ನಾವೆಲ್ಲ ಬರೆದು ಬರೆದು ಸವೆಸಿದ್ದೇವೆ. ನಾನು ಅದನ್ನು ಇವತ್ತು ಹೆದರಿಕೊಂಡು ಬರೆಯುತ್ತಿದ್ದೇನೆ. ದಿನವೂ ಬೆಳಿಗ್ಗೆ ಹೋಗಿ ಮೊದಲು ಆ ಕೈಗಳನ್ನೇ ನೋಡುತ್ತೇನೆ. ಮೇಷ್ಟ್ರೇ, ಅವನ್ನು ಹಾಗೆಯೇ ಕಟ್ಟಿಕೊಂಡಿರಿ. ಅಕ್ಕ ನಮಗಿನ್ನೂ ಬೇಕು.