ಲಬಂಗಳ ದನಿ

ದೇಶ ಒಡೆದ ಮೇಲೆ ಪೂರ್ವ ಬಂಗಾಳದ ಬರಿಶಾಲ್ ಸೀಮೆಯಿಂದ ಗಡಿ ದಾಟಿ ಬಂದವರು ಚೂರ್ಣಿ ನದಿಯ ದಂಡೆಯಲ್ಲಿ ಬಿದಿರು ತಡಿಕೆಯ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ಶೈಲಬಾಲೆಯೂ ಒಬ್ಬಳು. ಗಂಡ ದಾರಿಯಲ್ಲೇ ತೀರಿಕೊಂಡಿದ್ದ. ಮಂಡಕ್ಕಿ ಹುರಿದು ಸಂತೆಯಲ್ಲಿ ಮಾರಿ ಒಬ್ಬಳೇ ಮಗಳು ಲಬಂಗಳನ್ನು ಸಾಕುತ್ತಿದ್ದಳು.

ಹುಡುಗಿ ಮಹಾ ಬಾಯಾಳಿ. ಬರಿಶಾಲಿನವರ ಹಾಗೆ ಎಳೆದೆಳೆದು ಆಡುವ ಅವಳ ಮಾತನ್ನು ಊರಿನ ಹಳಬರು ಅಣಕಿಸಿದರೆ, ಅವರನ್ನೇ ತಿರುಗಿ ಅಣಕಿಸಿ ಓಡುವಳು.

ಒಂದು ಚಳಿಗಾಲ ಕಲ್ಕತ್ತೆಯಿಂದ ಸಿನಿಮಾದವರು ಬಂದರು. ಓದು ಬಲ್ಲವರೆಲ್ಲ ಮೆಚ್ಚಿದ್ದ ಕಾದಂಬರಿಯೊಂದನ್ನು ಆ ನದಿಯ ಮೇಲೇ ತೆಗೆಯುವವರಿದ್ದರು. ದಡದಲ್ಲಿ ಬಾತುಗಳನ್ನು ಬೈಯುತ್ತ ಅಟ್ಟುತ್ತಿದ್ದ ಲಬಂಗಳನ್ನು ನೋಡಿದ ನಿರ್ದೇಶಕರು, ಅಂಬಿಗನ ತಂಗಿಯ ಪಾತ್ರಕ್ಕೆ ಇವಳೇ ಬೇಕೆಂದರು. ಮುಂದೆ ಮಗಳ ಮದುವೆಗೆ ತೊಡಕಾದೀತೆಂದು ಶೈಲಬಾಲೆ ಒಪ್ಪಲಿಲ್ಲ. ಪಕ್ಕದ ಗುಡಿಸಲಿನ ಕ್ಷೀರೋದಾ ಮಾಶಿ, ಚಿಕ್ಕಮ್ಮನೆಂದು ಕರೆಸಿಕೊಂಡರೂ ತಾಯಿಗಿಂತ ಹೆಚ್ಚಾಗಿದ್ದ ಮುದುಕಿ, ಗದರಿಸಿದಳು.

"ಕಳಿಸೇ. ಹುಡುಗೀನ ಏನು ಗಂಟು ಕಟ್ಕೊಂಡು ಹೋಗ್ತಾರಾ?"

ಚಳಿಗಾಲವಿಡೀ ಲಬಂಗ ನಟಿಸಿದಳು. ಮನೆಗೆ ಬಂದು ಎಲ್ಲರ ಪಾತ್ರವನ್ನೂ ತಾನೇ ಆಡಿ ತೋರಿಸುವಳು. ತಾಯಿ ನಕ್ಕು ನಕ್ಕು ಮಂಡಕ್ಕಿ ಸೀಯಿಸಿಕೊಳ್ಳುವಳು.

ಮಳೆಗಾಲದಲ್ಲಿ ಗುಡಿಸಲುಗಳಿಗೆ ಕಾಲರಾ ನುಗ್ಗಿತು. ಬೆಳಗ್ಗೆ ವಾಂತಿ ಹಿಡಿದ ಲಬಂಗ ಸಂಜೆಗೆ ಇರಲಿಲ್ಲ.

ಶೈಲಬಾಲೆ ಹುಚ್ಚಿಯಾಗಲಿಲ್ಲ, ಮಂಡಕ್ಕಿ ಹುರಿಯುವುದನ್ನೂ ಬಿಡಲಿಲ್ಲ. ಆದರೆ ದಿನ ಕಳೆದಂತೆ ಹೊಸ ಭಯವೊಂದು ಹುಟ್ಟಿತು.

"ಮಾಶಿ, ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ದನಿ ಮಾತ್ರ ಜಾರಿ ಹೋಗ್ತಾ ಇದೆ," ಎಂದಳು ಒಂದು ದಿನ.

"ಸಿನಿಮಾ ಬರ್ಲಿ ತಡಿ. ಅದ್ರಲ್ಲಿ ಇರುತ್ತಲ್ಲ," ಎಂದಳು ಮಾಶಿ.

ಆ ಮಾತೇ ಅವಳಿಗೆ ಆಸರೆಯಾಯಿತು. ಸಿನಿಮಾ ಕಲ್ಕತ್ತೆಯಲ್ಲಿ ಹೆಸರು ಮಾಡಿತು, ಪರದೇಶದಲ್ಲಿ ಬಹುಮಾನ ಪಡೆಯಿತು, ಕೊನೆಗೆ ಹತ್ತಿರದ ಪೇಟೆ ರಾಣಾಘಾಟಿನ ಟಾಕೀಸಿಗೂ ಬಂತು. ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋದರು.

ಪರದೆಯ ಮೇಲೆ ಅವರದೇ ನದಿ. ಮಂಜಿನೊಳಗಿಂದ ಲಬಂಗ ಓಡಿ ಬಂದಳು, ಅದೇ ಹರಿದ ಅಂಚಿನ ಸೀರೆ, ಅದೇ ಕೆದರಿದ ಕೂದಲು. ಶೈಲಬಾಲೆ ಮುಂದಕ್ಕೆ ಬಾಗಿ ಕಿವಿಗೊಟ್ಟಳು. ಹುಡುಗಿ ಬಾಯಿ ತೆರೆದು ಅಣ್ಣನನ್ನು ಕರೆದಳು.

ಕೇಳಿಸಿದ್ದು ಬೇರೆ ಯಾರದೋ ಕಂಠ. ನಯವಾದದ್ದು, ಕಲ್ಕತ್ತೆಯ ದೊಡ್ಡ ಮನೆಯ ಮಗಳದು. ಯಂತ್ರ ಕೆಟ್ಟಿರಬೇಕು, ಸರಿಹೋಗುತ್ತದೆ ಎಂದುಕೊಂಡು ಶೈಲಬಾಲೆ ಕಾದಳು. ಸರಿಹೋಗಲಿಲ್ಲ.

"ಬಾಯಿ ನಮ್ಮ ಹುಡುಗೀದು, ಮಾಶಿ. ಮಾತು ಯಾರದು?"

ಮಾಶಿ ಅವಳ ಕೈ ಒತ್ತಿ ಹಿಡಿದಳು. ಕೊನೆಯಲ್ಲಿ ತಂಗಿ ಅಣ್ಣನಿಗಾಗಿ ಹಲುಬುವಾಗ ಟಾಕೀಸೆಲ್ಲ ಅತ್ತಿತು. ಶೈಲಬಾಲೆಯ ಕಣ್ಣು ಒಣಗಿಯೇ ಇತ್ತು.

ಹೊರಗೆ ಅವಳು ಟಾಕೀಸಿನ ಮುದಿ ಗುಮಾಸ್ತನನ್ನು ತಡೆದು ಕೇಳಿದಳು. ಆತ ಒಳ್ಳೆಯವನು, ಬಿಡಿಸಿ ಹೇಳಿದ. ನಿಮ್ಮ ಕಡೆಯ ಮಾತು ಆ ಪಾತ್ರಕ್ಕೆ ಹೊಂದುವುದಿಲ್ಲವೆಂದು ಬೇರೆ ಹುಡುಗಿಯಿಂದ ಮಾತಾಡಿಸಿ ಸೇರಿಸಿರುತ್ತಾರೆ, ಹಾಗೆ ಮಾಡುವುದುಂಟು ಎಂದ.

"ಹಾಗಾದ್ರೆ ನನ್ನ ಮಗಳು ಆಡಿದ್ದು?"

"ಅದನ್ನ ಇಟ್ಕೊಂಡಿರಲ್ಲಮ್ಮ," ಎಂದು ಆತ ತಲೆ ತಗ್ಗಿಸಿದ.

ಅಂದಿನಿಂದ ಅವಳಿಗೆ ಇನ್ನೂ ದೊಡ್ಡ ನಷ್ಟವಾಯಿತು. ಮಗಳನ್ನು ನೆನೆದರೆ ಸಾಕು, ಕಿವಿಯಲ್ಲಿ ಆ ನಯವಾದ ಕಂಠವೇ ಮಾತಾಡುತ್ತಿತ್ತು. ಅಳಿದುಳಿದಿದ್ದ ನಿಜವಾದ ದನಿ ಅದರಡಿ ಮುಚ್ಚಿಹೋಯಿತು. ಮಾಶಿ ಒಂದು ಸಲ, ಲಬಂಗ ಅಮ್ಮನನ್ನು ಕೂಗುತ್ತಿದ್ದ ಹಾಗೆ, "ಮಾ ಗೋ" ಎಂದು ಕರೆದು ನೋಡಿದಳು. ಮುದಿ ಗಂಟಲು ಒಡೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ವರ್ಷಗಳಾದ ಮೇಲೆ ಅದೇ ಸಿನಿಮಾ ಮತ್ತೆ ಬಂತು. ಮುಖವನ್ನಾದರೂ ನೋಡಿ ಬರೋಣವೆಂದು ಮಾಶಿ ಕರೆದಳು.

"ಬೇಡ," ಎಂದಳು ಶೈಲಬಾಲೆ. "ಇನ್ನೊಂದ್ಸಲ ನೋಡಿದ್ರೆ ಮುಖಾನೂ ಸಿನಿಮಾದವರದ್ದೇ ಆಗಿಬಿಡುತ್ತೆ."

ಅವಳು ಹೋಗಲಿಲ್ಲ. ಸಾಯುವ ತನಕ ಆ ಟಾಕೀಸಿನ ಬೀದಿಯನ್ನೂ ತುಳಿಯಲಿಲ್ಲ.